ಎಡಗೈ ಬೆಸುಗೆ — ಕಂತು ಏಳು

"ಇದು ನೀವು ಮಾಡಿದ ಬೋರ್ಡ್ ಅಲ್ಲ, ತಾಪಿಯೋ."

ಐಲಾ ಹೋವಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಹೇಳಿದಳು. ಬೆನ್ನ ಹಿಂದೆ ನಿಂತಿದ್ದ ಮನುಷ್ಯ ಒಮ್ಮೆ ಕೆಮ್ಮಿದ. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಅಲ್ಲಿ ನೋಡುವಂಥದ್ದೇನೂ ಇಲ್ಲದಿದ್ದರೂ, ಹೊರಗೆ ನೋಡಿದ.

"ನೋಡಿ, ಡಿಸೈನ್ ನಮ್ಮ ಕೂಟದ್ದೇ. ಸ್ವಲ್ಪ ಆಚೀಚೆ ಆಗಿರಬಹುದು."

"ಡಿಸೈನೂ ನಿಮ್ಮದಲ್ಲ. ನಿಮ್ಮದರಲ್ಲಿ ಟ್ರಾನ್ಸಿಸ್ಟರ್ ನಾಲ್ಕು, ಇದರಲ್ಲಿ ಎಂಟು. ನಿಮ್ಮದು ಹೊರಗೆ ಕಳಿಸಿ ಮಾಡಿಸಿದ ಹಸಿರು ಬೋರ್ಡು. ಇದನ್ನ ಯಾರೋ ಮನೇಲೇ, ಅಡುಗೆ ತಟ್ಟೇಲಿ ಆಸಿಡ್ ಹಾಕಿ ಅದ್ದಿ ತೆಗೆದಿದ್ದಾರೆ. ಅಂಚು ನೋಡಿ ಬನ್ನಿ. ಗರಗಸದಲ್ಲಿ ಕೊಯ್ದು ಅರದಲ್ಲಿ ಉಜ್ಜಿದ್ದಾರೆ."

ತಾಪಿಯೋ ನೋಡಲು ಬರಲಿಲ್ಲ.

ಮೂರು ವಾರದ ಹಿಂದೆ, ಆಗಸ್ಟ್ ತಿಂಗಳ ಆ ಬಿರುಗಾಳಿಯ ಶನಿವಾರ, ಓಸ್ಮೋ ಕರ್ವಿನೆನ್ನನ ದೋಣಿಯನ್ನು ದಡ ಸೇರಿಸಿದ್ದು ಅಂಗೈಯಗಲದ ಈ ಬೋರ್ಡು. ಮೋಟರಿಗೆ ಎಷ್ಟು ಕರೆಂಟು ಬಿಡಬೇಕು, ಯಾವ ಕಡೆ ತಿರುಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದೇ ಅದರ ಕೆಲಸ. ಓಸ್ಮೋ ನಲವತ್ತು ವರ್ಷ ಮರದ ದೋಣಿ ಕಟ್ಟಿದವನು. ಈಗ ಅವನ ಸ್ನಾಯುಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಹುಟ್ಟು ಹಾಕುವುದಿರಲಿ, ಚಮಚ ಎತ್ತುವುದಕ್ಕೂ ಆಗುತ್ತಿರಲಿಲ್ಲ. ಹೆಬ್ಬೆರಳಲ್ಲಿ ಒಂದು ಪುಟ್ಟ ಕಡ್ಡಿಯನ್ನು ಅತ್ತಿತ್ತ ತಳ್ಳಿದರೆ ಮೋಟರು ದೋಣಿಯನ್ನು ನಡೆಸುತ್ತಿತ್ತು. ಅವನ ಬೇಸಗೆಯ ಸುಖವೆಲ್ಲ ಅಷ್ಟರಲ್ಲೇ ಇತ್ತು.

ಆ ಶನಿವಾರ ಗಾಳಿ ಏಕಾಏಕಿ ತಿರುಗಿತ್ತು. ಪ್ರೊಪೆಲ್ಲರಿಗೆ ಸಮುದ್ರದ ಪಾಚಿ ಸುತ್ತಿಕೊಂಡು ಮೋಟರು ನಿಂತಿತ್ತು. ಬೇರೆ ಬೋರ್ಡಾಗಿದ್ದರೆ ಅಲ್ಲೇ ಸುಟ್ಟುಹೋಗುತ್ತಿತ್ತು. ಇದು ಹಾಗೆ ಮಾಡಲಿಲ್ಲ. ಕರೆಂಟು ತಡೆದು, ಎರಡು ಕ್ಷಣ ಸುಮ್ಮನಿದ್ದು, ಮೋಟರನ್ನು ಹಿಂದಕ್ಕೆ ತಿರುಗಿಸಿ ಪಾಚಿ ಉದುರಿಸಿ, ಮತ್ತೆ ಮುಂದಕ್ಕೆ ಹೊರಟಿತು. ಮತ್ತೆ ಸುತ್ತಿಕೊಂಡಿತು, ಮತ್ತೆ ಉದುರಿಸಿತು. ಹನ್ನೊಂದು ಸಲ. ಓಸ್ಮೋ ಎಣಿಸಿದ್ದ.

"ಇದು ತಾಪಿಯೋನ ಬೋರ್ಡಲ್ಲ ಅನಿಸುತ್ತೆ. ಇದನ್ನ ಮಾಡಿದೋರು ಯಾರು ಅಂತ ಹುಡುಕಿಕೊಡು ಐಲಾ. ಕೈ ಹಿಡಿದು ಒಂದು ಥ್ಯಾಂಕ್ಸ್ ಹೇಳಬೇಕು," ಎಂದು ಆಸ್ಪತ್ರೆಯಿಂದ ಬಂದ ಮರುದಿನವೇ ಹೇಳಿಕಳಿಸಿದ್ದ. ಕಳ್ಳನನ್ನು ಹಿಡಿದುಕೊಡಿ ಎನ್ನುವವರನ್ನು ಐಲಾ ಕಂಡಿದ್ದಳು. ಉಪಕಾರ ಮಾಡಿದವರನ್ನು ಹಿಡಿದುಕೊಡು ಎಂದವನು ಇವನೊಬ್ಬನೇ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಅವಳು ಕೇಳಿದಳು.

ಹಮಿನಾ ಊರಿನ ಹವ್ಯಾಸಿ ಎಲೆಕ್ಟ್ರಾನಿಕ್ಸ್ ಕೂಟದ ಅಧ್ಯಕ್ಷ ತಾಪಿಯೋ ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಉತ್ತರಿಸಿದ. "ಆವತ್ತೇ. ನನ್ನ ಬೋರ್ಡಿಗೆ ಹಿಂದಕ್ಕೆ ತಿರುಗೋ ಬುದ್ಧಿ ಇಲ್ಲ. ಆದ್ರೆ ಜೂನ್‌ನಲ್ಲಿ ಕೂರಿಸಿಕೊಟ್ಟೋನು ನಾನೇ ಅಲ್ವಾ. ಪೇಪರಿನವರು ಬಂದು ನನ್ನ ಫೋಟೋ ತೆಗೆದ್ರು. ಕೂಟದವರೆಲ್ಲ ಬೋರ್ಡಿನ ಆಕಾರದಲ್ಲಿ ಕೇಕ್ ಮಾಡಿಸಿದ್ರು."

"ನೀವೂ ತಿಂದ್ರಿ."

"ಒಂದೇ ತುಂಡು."

ಐಲಾಳಿಗೆ ನಗು ಬಂತು, ತಡೆದುಕೊಂಡಳು. ತಾಪಿಯೋ ತಿರುಗಿದ. ಅವನ ಮುಖ ಮೂರು ವಾರದಲ್ಲಿ ಮೊದಲ ಬಾರಿಗೆ ಹಗುರಾದಂತೆ ಕಂಡಿತು.

"ನೀವು ಕೇಳಿದ್ದೇ ಒಳ್ಳೇದಾಯ್ತು ಐಲಾ ಅವ್ರೇ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಿತ್ತು. ಥ್ಯಾಂಕ್ಸ್. ನಾಳೆ ಪೇಪರಿಗೆ ನಾನೇ ಬರೀತೀನಿ."

"ಎರಡು ದಿನ ತಡೀರಿ. ನಿಮ್ಮ ಹಳೇ ಬೋರ್ಡ್ ಎಲ್ಲಿದೆ?"

"ದೇವರಾಣೆ ಗೊತ್ತಿಲ್ಲ. ನಾನೂ ಹುಡುಕ್ತಾ ಇದೀನಿ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಐಲಾಳಿಗೆ ಅನಿಸಿತು. ಆದರೆ ಅನಿಸುವುದು ಬೇರೆ, ತಿಳಿಯುವುದು ಬೇರೆ. ಕಟ್ಟೆಗೆ ಕಟ್ಟಿದ್ದ ದೋಣಿಯಲ್ಲಿ ಬೋರ್ಡು ಕೂರಿಸಿದ್ದ ಪೆಟ್ಟಿಗೆಯ ಹಿತ್ತಾಳೆ ಬೀಗ ಒಡೆದಿರಲಿಲ್ಲ, ಅದರ ಮೇಲೊಂದು ಗೀರೂ ಇರಲಿಲ್ಲ. ಕೀಲಿ ಓಸ್ಮೋನ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಆ ಮೊಳೆಗೆ ಕೈ ಎಟಕುವವರು ಮೂವರು. ಹೆಂಡತಿ ಹಿಲ್ಕಾ, ಮಹಡಿಯಲ್ಲಿದ್ದ ಓಸ್ಮೋನ ತಮ್ಮ ಯೊರ್ಮಾ, ಮತ್ತು ಜೂನ್‌ನಲ್ಲಿ ಒಂದು ವಾರ ಕೀಲಿ ಇಟ್ಟುಕೊಂಡಿದ್ದ ಈ ತಾಪಿಯೋ. ಹಿಲ್ಕಾಳಿಗೂ ಯೊರ್ಮಾನಿಗೂ ಕಾದ ಬೆಸುಗೆ ಕಡ್ಡಿ ಹಿಡಿದು ಇಂಥ ಬೋರ್ಡು ಮಾಡಲು ಬರುತ್ತಿರಲಿಲ್ಲ. ತಾಪಿಯೋನಿಗೆ ಬರುತ್ತಿತ್ತು, ಆದರೆ ಅವನು ಮಾಡಿರಲಿಲ್ಲ.

ಹಾಗಾದರೆ ನಾಲ್ಕನೆಯವರು ಯಾರು?

ಅವಳು ಬೋರ್ಡನ್ನು ತಿರುಗಿಸಿ ಬೆನ್ನನ್ನು ಮೇಲೆ ಮಾಡಿದಳು. ಇಷ್ಟು ಹೊತ್ತು ಮುಖವನ್ನೇ ನೋಡಿದ್ದಳು. ಬೆಸುಗೆಯ ಬಿಂದುಗಳಿರುವುದು ಬೆನ್ನಲ್ಲಿ.

ಲಿಫ್ಟಿನ ಬೋರ್ಡು ಮಾಡುತ್ತಿದ್ದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅವಳು ತಪಾಸಣೆ ಮೇಜಿನ ಮುಂದೆ ಕೂತಿದ್ದಳು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಣ್ಣು ಮಾತ್ರ ಕೆಲಸ ಮರೆತಿರಲಿಲ್ಲ. ಅಕ್ಷರದಿಂದ ಬರೆದವರನ್ನು ಗುರುತಿಸುವ ಹಾಗೆ, ಬೆಸುಗೆಯಿಂದ ಹಾಕಿದವಳನ್ನು ಗುರುತಿಸುತ್ತಿದ್ದಳು. ಹುಡುಗಿಯರು ಅವಳಿಗಿಟ್ಟ ಅಡ್ಡಹೆಸರು ಭೂತಗನ್ನಡಿ. ಅದು ಪ್ರೀತಿಯ ಹೆಸರಾಗಿರಲಿಲ್ಲ.

ಬೆಸುಗೆಯ ಬಿಂದುಗಳು ಒಂದೇ ಸಮನಾಗಿ ಹೊಳೆಯುತ್ತಿದ್ದವು. ಒಳ್ಳೆಯ ಕೈ. ಪ್ರತಿ ಬಿಂದುವಿಗೂ ಕೂದಲೆಳೆಯಷ್ಟು ಸಣ್ಣ ಬಾಲವಿತ್ತು. ಕಡ್ಡಿ ಎತ್ತುವಾಗ ಎಳೆದುಕೊಂಡು ಬಂದ ಬಾಲ. ಎಲ್ಲ ಬಾಲಗಳೂ ಎಡಕ್ಕೆ ತಿರುಗಿದ್ದವು.

ಎಡಗೈಯವರು.

ಅವಳು ಮಸೂರವನ್ನು ಇನ್ನಷ್ಟು ಕೆಳಗಿಳಿಸಿದಳು. ಬಿಂದುವಿನ ಬುಡದಲ್ಲಿ ತೆಳ್ಳಗೆ ಇನ್ನೊಂದು ವರ್ತುಲ. ಒಮ್ಮೆ ಬೆಸೆದು, ಆರಿದ ಮೇಲೆ ಮತ್ತೊಮ್ಮೆ ಕಡ್ಡಿ ಮುಟ್ಟಿಸಿದ ಗುರುತು. ಪಕ್ಕದ ಬಿಂದುವಿನಲ್ಲೂ ಅದೇ. ಅದರ ಪಕ್ಕದ್ದರಲ್ಲೂ.

ಐಲಾ ಸೂಕ್ಷ್ಮದರ್ಶಕದಿಂದ ಥಟ್ಟನೆ ಹಿಂದೆ ಸರಿದಳು. ಈ ಕೈ ಅವಳಿಗೆ ಗೊತ್ತಿತ್ತು.

"ಏನಾಯ್ತು?" ಎಂದ ತಾಪಿಯೋ. "ಬಿಳಿಚಿಕೊಂಡಿದ್ದೀರಿ."

"ಏನಿಲ್ಲ," ಎಂದು ಅವಳು ಬೋರ್ಡನ್ನು ಕರವಸ್ತ್ರದಲ್ಲಿ ಸುತ್ತಿದಳು. "ಬಸ್ಸು ಎಷ್ಟು ಹೊತ್ತಿಗಿದೆ?"

*

ಕಾರ್ಖಾನೆಯ ನಾಲ್ಕನೇ ಸಾಲಿನ ಹದಿನಾಲ್ಕು ಹೆಂಗಸರಲ್ಲಿ ಎಡಗೈಯವಳು ಸಿನಿಕ್ಕಾ ಒಬ್ಬಳೇ.

ಹನ್ನೆರಡು ವರ್ಷದ ಹಿಂದೆ ಒಂದು ಕಂತೆ ಬೋರ್ಡು ಕೆಟ್ಟು ವಾಪಸು ಬಂದಿತ್ತು. ದಪ್ಪ ತಂತಿಯ ಬೆಸುಗೆಗಳೆಲ್ಲ ಬಿಟ್ಟುಕೊಂಡಿದ್ದವು. ಐಲಾ ಮೂರು ದಿನ ಮಸೂರದಡಿ ಕೂತು ವರದಿ ಬರೆದಳು. "ದೋಷವೆಲ್ಲ ಒಂದೇ ಕೈಯದು, ಎಡಗೈ ಬೆಸುಗೆ." ಆ ಶುಕ್ರವಾರವೇ ಸಿನಿಕ್ಕಾ ಕೆಲಸ ಕಳೆದುಕೊಂಡು, ಕೋಟು ತೊಟ್ಟು ಹೊರನಡೆದಳು. ಜನವರಿಯ ಚಳಿ. ಅವಳು ತಿರುಗಿ ನೋಡಿರಲಿಲ್ಲ.

ಮಾರ್ಚ್‌ನಲ್ಲಿ ಐಲಾಳಿಗೆ ಇನ್ನೊಂದು ಸಂಗತಿ ತಿಳಿಯಿತು. ಅದನ್ನು ಅವಳು ಮ್ಯಾನೇಜರನಿಗೆ ಹೇಳಿದ್ದಳು. "ಮುಗಿದ ಕತೆ, ಬಿಟ್ಟುಬಿಡಿ," ಎಂದಿದ್ದ ಅವನು. ಅವಳು ಬಿಟ್ಟುಬಿಟ್ಟಿದ್ದಳು.

ಬಸ್ಸಿನ ಕಿಟಕಿಯಾಚೆ ರೋವನ್ ಮರಗಳ ಕೆಂಪು ಹಣ್ಣಿನ ಗೊಂಚಲುಗಳು ಹಿಂದೆ ಸರಿದವು. ತಪ್ಪಾಯಿತು ಎನ್ನುವುದು ಮೊದಲೋ, ಥ್ಯಾಂಕ್ಸ್ ಎನ್ನುವುದು ಮೊದಲೋ? ಒಂದನ್ನು ಮುಂದಿಟ್ಟರೆ ಇನ್ನೊಂದು ಸುಳ್ಳಿನಂತೆ ಕೇಳಿಸುತ್ತಿತ್ತು. ಇಳಿಯುವ ನಿಲ್ದಾಣ ಬಂದರೂ ಅದು ಇತ್ಯರ್ಥವಾಗಿರಲಿಲ್ಲ.

ವರ್ತುಲಾಕಾರದ ಬೀದಿಯ ಹಳೆಯ ಬೇಕರಿ ಈಗ ಸಿನಿಕ್ಕಾಳ ಅಂಗಡಿ. ಬಾಗಿಲಿಗೆ ಕೈಬರಹದ ಚೀಟಿ ಅಂಟಿಸಿತ್ತು. "ಮೋಟರ್ ಬೋರ್ಡು ನಿಮ್ಮ ಅಳತೆಗೆ ಮಾಡಿಕೊಡಲಾಗುವುದು. ಕುಂಬಾರಿಕೆ ಚಕ್ರ, ದೂರದರ್ಶಕ, ನೂಲುವ ರಾಟೆ, ಆಟಿಕೆ ರೈಲು, ಏನಾದರೂ ಸರಿ. ಆತುರದವರು ಬರಬೇಡಿ."

ಬಾಗಿಲ ಗಂಟೆ ಕಿಣಿಕಿಣಿಸಿತು. ಒಳಗೆ ರಾಳದ ಹೊಗೆಯ ವಾಸನೆ. ಐಲಾಳ ಇಪ್ಪತ್ತಾರು ವರ್ಷದ ವಾಸನೆ ಅದು.

ದೀಪದ ಕೆಳಗೆ ಬಗ್ಗಿದ್ದ ಹೆಂಗಸು ತಲೆ ಎತ್ತದೆ ಎಡಗೈಯ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಕನ್ನಡಕ ತೆಗೆದಳು. ಕೂದಲು ಪೂರ್ತಿ ನರೆತಿತ್ತು.

"ಬಾ ಭೂತಗನ್ನಡಿ," ಎಂದಳು ಸಿನಿಕ್ಕಾ. "ಮೂರು ವಾರ ಬೇಕಾಯ್ತೇನೇ? ಮೊದಲೆಲ್ಲ ಮೂರೇ ದಿನ ಸಾಕಾಗ್ತಿತ್ತು ನಿನಗೆ."

ಐಲಾ ಬಾಗಿಲಲ್ಲೇ ಶೂ ಬಿಚ್ಚಿ ಕಾಲುಚೀಲದಲ್ಲಿ ನಿಂತಳು. ಕೂರು ಎಂದು ಸಿನಿಕ್ಕಾ ಹೇಳಲಿಲ್ಲ. ಮೂಲೆಯಲ್ಲಿ ಕಾಫಿಪಾತ್ರೆ ಬಿಸಿಯಾಗಿತ್ತು. ಅದನ್ನೂ ಕೇಳಲಿಲ್ಲ. ಬಂದವರಿಗೆ ಕಾಫಿ ಕೇಳದಿರುವುದು ಬೈಗುಳಕ್ಕಿಂತ ದೊಡ್ಡದು ಎಂದು ಇಬ್ಬರಿಗೂ ಗೊತ್ತಿತ್ತು.

ಐಲಾ ಕರವಸ್ತ್ರ ಬಿಚ್ಚಿ ಬೋರ್ಡನ್ನು ಮೇಜಿನ ಮೇಲಿಟ್ಟಳು.

"ಇದು ನಿನ್ನದು."

"ಹೌದು."

"ಸಿನಿಕ್ಕಾ, ಶಾಖ ಅಳೆಯೋ ಮೀಟರ್ ಕೆಟ್ಟಿತ್ತು."

"ಏನಂದೆ?"

"ಕಾರ್ಖಾನೇಲಿ. ಬೆಸುಗೆ ಕಡ್ಡಿಗಳ ಶಾಖ ನೋಡ್ತಿದ್ವಲ್ಲ, ಆ ಮೀಟರ್. ನಲವತ್ತು ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಅದನ್ನ ನಂಬಿ ಎಲ್ಲರ ಕಡ್ಡೀನೂ ತಣ್ಣಗೆ ಇಟ್ಟಿದ್ವಿ. ದಪ್ಪ ತಂತಿ ಬೆಸೀತಿದ್ದವಳು ನೀನೊಬ್ಬಳೇ. ಅದಕ್ಕೆ ನಿಂದು ಮಾತ್ರ ಬಿಟ್ಟುಕೊಳ್ತು. ನಿನ್ನ ಕೈದು ತಪ್ಪಲ್ಲ. ನನಗೆ ಅದು ಮಾರ್ಚ್‌ನಲ್ಲೇ ಗೊತ್ತಾಯ್ತು."

"ಯಾವ ಮಾರ್ಚ್?"

"ಅದೇ ವರ್ಷದ್ದು."

ಸಿನಿಕ್ಕಾ ಬೋರ್ಡನ್ನು ಕೈಗೆತ್ತಿಕೊಂಡು ಅದರ ಬೆನ್ನನ್ನು ಹೆಬ್ಬೆರಳಿಂದ ಸವರಿದಳು. ಹೊರಗೆ ಯಾರದೋ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡಿಸಿ ಹೋಯಿತು.

"ಕಡ್ಡಿ ತಣ್ಣಗಿದೆ ಅಂತ ನಾನು ಮೂರು ಸಲ ಹೇಳಿದ್ದೆ," ಎಂದಳು ಅವಳು. "ನಿಮ್ಮ ಮೀಟರ್ ಸರಿಯಾಗಿದೆ ಅಂದ್ರು. ಅದಕ್ಕೇ ಒಂದೊಂದು ಬೆಸುಗೆಗೂ ಎರಡೆರಡು ಸಲ ಮುಟ್ಟಿಸೋಕೆ ಶುರು ಮಾಡಿದೆ. ಈಗ ನನ್ನ ಹತ್ರ ಒಳ್ಳೇ ಕಡ್ಡಿ ಇದೆ. ಆದ್ರೂ ಕೈ ಬಿಡಲ್ಲ ಆ ಚಾಳಿ."

ಐಲಾ ಸಿನಿಕ್ಕಾಳ ಕೈಯಲ್ಲಿದ್ದ ಬೋರ್ಡನ್ನೇ ನೋಡಿದಳು. ತಾನು ಗುರುತು ಹಿಡಿದದ್ದು ಎರಡನೇ ಸಲ ಮುಟ್ಟಿಸಿದ ಆ ವರ್ತುಲದಿಂದ. ಅದನ್ನು ಈ ಕೈಗೆ ಕಲಿಸಿದವರು ತಾವೇ.

"ತಪ್ಪಾಯ್ತು ಸಿನಿಕ್ಕಾ. ಆಗಲೇ ಬಂದು ಹೇಳಬೇಕಿತ್ತು. ನಾಚಿಕೆ ಆಯ್ತು, ಬರಲಿಲ್ಲ. ಆಮೇಲೆ ಬರದೇ ಇದ್ದಿದ್ದಕ್ಕೇ ಇನ್ನೂ ನಾಚಿಕೆ ಆಯ್ತು." ಅವಳು ಕರವಸ್ತ್ರ ಮಡಚಿದಳು. "ಇನ್ನೊಂದು. ಓಸ್ಮೋ ಬದುಕಿರೋದು ನಿನ್ನಿಂದ. ನನ್ನ ಗಂಡ ತೀರಿಕೊಂಡಾಗ ಹದಿನೈದು ದಿನ ದಿನಾ ಬಂದು ನನ್ನ ಜೊತೆ ಮಾತಾಡದೆ ಕೂತಿದ್ದು ಹೋಗ್ತಿದ್ದೋನು ಅವನು. ಅವನನ್ನ ಉಳಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಎರಡೂ ಒಟ್ಟಿಗೆ ಹೇಳಬೇಕಿತ್ತು. ಯಾವುದು ಮೊದಲು ಅಂತ ಬಸ್ಸಲ್ಲೆಲ್ಲ ಲೆಕ್ಕ ಹಾಕಿದೆ."

"ಲೆಕ್ಕ ಹಾಕಿ ಹಾಕಿ ಮೊದಲು ಹೇಳಿದ್ದು ಮೀಟರ್ ಬಗ್ಗೆ."

"ಹೌದು."

ಸಿನಿಕ್ಕಾಳ ಬಾಯಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಅವಳು ಎದ್ದು ಹೋಗಿ ಕಪಾಟಿನಿಂದ ಎರಡು ಲೋಟ ತೆಗೆದಳು.

"ಕೂತ್ಕೋ. ಹಾಲಿಲ್ಲ. ಬೇಕಂದ್ರೂ ಇಲ್ಲ."

ಕಾಫಿ ಕಹಿಯಾಗಿತ್ತು, ಬಿಸಿಯಾಗಿತ್ತು. ಐಲಾ ಎರಡೂ ಕೈಯಲ್ಲಿ ಲೋಟ ಹಿಡಿದು ಸುತ್ತ ನೋಡಿದಳು. ಹಿಂದೆ ಬ್ರೆಡ್ಡು ಇಡುತ್ತಿದ್ದ ಗೂಡುಗಳಲ್ಲಿ ಈಗ ಗಿರಾಕಿಗಳು ಕೊಟ್ಟ ಏನೇನೋ ಇದ್ದವು. ಕ್ಲೌಡ್‌ಬೆರಿ ಜಾಮಿನ ಶೀಶೆ, ಉಣ್ಣೆಯ ಕಾಲುಚೀಲ, ಉಂಗುರದ ಸಮೇತ ಶನಿಗ್ರಹದ ಒಂದು ಫೋಟೋ. ಫೋಟೋದ ಕೆಳಗೆ, "ನಿನ್ನ ಬೋರ್ಡು ದೂರದರ್ಶಕವನ್ನು ಅಲುಗಾಡದಂತೆ ತಿರುಗಿಸಿತು" ಎಂದು ಯಾರೋ ಬರೆದಿದ್ದರು. ವಕ್ರವಾದ ಮಣ್ಣಿನ ಬಟ್ಟಲೂ ಒಂದಿತ್ತು.

"ಅದು ಮೊದಲನೇದು," ಎಂದಳು ಸಿನಿಕ್ಕಾ, ಬಟ್ಟಲು ತೋರಿಸಿ. "ಪಕ್ಕದ ಮನೆಯವಳ ಕುಂಬಾರಿಕೆ ಚಕ್ರ ಕೆಟ್ಟಿತ್ತು. ನಾನು ಕೆಲಸ ಇಲ್ಲದೆ ಗೋಡೆ ನೋಡ್ತಾ ಕೂತಿದ್ದೆ. ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಇಪ್ಪತ್ತು ಟ್ರಾನ್ಸಿಸ್ಟರ್ ಸುಟ್ಟೆ. ಇಪ್ಪತ್ತೊಂದನೇದು ಸುಡಲಿಲ್ಲ. ಚಕ್ರ ತಿರುಗ್ತು. ಅವಳು ಅತ್ತಳು ಕಣೇ, ಒಂದು ಚಕ್ರ ತಿರುಗಿದ್ದಕ್ಕೆ."

"ನೀನು?"

"ನಾನೂ ಅತ್ತೆ. ಹದಿನೆಂಟು ವರ್ಷ ಬೇರೆಯವರ ಬೋರ್ಡಿಗೆ ಬೆಸುಗೆ ಹಾಕಿದ್ದೆ. ಅದು ಏನು ಕೆಲಸ ಮಾಡುತ್ತೆ ಅಂತ ಒಂದು ದಿನಾನೂ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಮೇಲೆ ಕೋಪ ಇತ್ತು. ಬೇಕಾದಷ್ಟಿತ್ತು. ದಿನಾ ಸೌದೆ ಹಾಕಿ ಉರಿಸ್ತಿದ್ದೆ. ಆಮೇಲೆ ಆರ್ಡರ್‌ಗಳು ಬಂದ್ವು. ಸೌದೆ ಒಡೆಯೋಕೆ ಪುರುಸೊತ್ತಾಗಲಿಲ್ಲ." ಅವಳು ಲೋಟ ಕೆಳಗಿಟ್ಟಳು. "ಹಾಗಂತ ನಿನಗೆ ಥ್ಯಾಂಕ್ಸ್ ಏನೂ ಹೇಳಲ್ಲ."

"ಬೇಡ."

"ಬಂದಿದ್ದಕ್ಕೆ ಹೇಳ್ತೀನಿ. ಅದೊಂದಕ್ಕೆ."

ಇಬ್ಬರೂ ಸ್ವಲ್ಪ ಹೊತ್ತು ಕಾಫಿ ಕುಡಿದರು. ಹನ್ನೆರಡು ವರ್ಷದ ಭಾರ ಇಳಿದುಹೋಯಿತು ಎಂದೇನೂ ಐಲಾಳಿಗೆ ಅನಿಸಲಿಲ್ಲ. ಆದರೆ ಅದನ್ನು ಇನ್ನು ತಾನೊಬ್ಬಳೇ ಹೊರಬೇಕಾಗಿಲ್ಲ ಎನಿಸಿತು. ಕಣ್ಣು ಮಂಜಾಯಿತು. ಲೋಟದ ಹಬೆಯ ನೆಪದಲ್ಲಿ ಕನ್ನಡಕ ಒರೆಸಿಕೊಂಡಳು.

"ಓಸ್ಮೋ ನಿನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕಂತೆ. ನಾಳೆ ಕರ್ಕೊಂಡು ಹೋಗ್ತೀನಿ. ಅಲ್ಲಿಗೆ ನನ್ನ ಕೆಲಸ ಮುಗೀತು."

ಸಿನಿಕ್ಕಾ ಅವಳನ್ನೇ ನೋಡಿದಳು. ಆ ನೋಟದಲ್ಲಿ ಈಗ ತಮಾಷೆ ಇರಲಿಲ್ಲ.

"ನಿಂಗೆ ನಿಜವಾಗ್ಲೂ ಇದು ಥ್ಯಾಂಕ್ಸ್ ಹೇಳೋ ವಿಷಯ ಅನಿಸಿದೆಯಾ?"

"ಅಂದ್ರೆ?"

"ತಾಪಿಯೋನ ಬೋರ್ಡು ಚೆನ್ನಾಗೇ ಇತ್ತು ಐಲಾ. ಬುದ್ಧಿ ಕಡಿಮೆ, ಆದ್ರೆ ಕೆಟ್ಟದ್ದಲ್ಲ. ಚೆನ್ನಾಗಿರೋ ಬೋರ್ಡನ್ನ ನಾನ್ಯಾಕೆ ಕದ್ದು ಬದಲಾಯಿಸ್ತೀನಿ?"

ಅವಳು ಮೇಜಿನ ಕೆಳಗಿನ ಡ್ರಾಯರಿನ ಬೀಗ ತೆಗೆದು ಒಂದು ಬಿಸ್ಕತ್ತಿನ ಡಬ್ಬಿ ಎತ್ತಿಟ್ಟಳು. ಅದರೊಳಗೆ ಹಸಿರು ಬೋರ್ಡು, ಕೂಟದ ಮುದ್ರೆಯ ಸಮೇತ. ಪಕ್ಕದಲ್ಲಿ ಹತ್ತಿಯ ಮೇಲೆ ಕಿರುಬೆರಳಿನ ಗಾತ್ರದ ಗಾಜಿನ ಫ್ಯೂಸು.

"ನೋಡು. ನಿನ್ನ ಕಣ್ಣಿಂದ ನೋಡು."

ಐಲಾ ಚೀಲದಿಂದ ಮಸೂರ ತೆಗೆದಳು. ಗಾಜಿನ ಕೊಳವೆಯೊಳಗೆ ಕೂದಲಿನಂಥ ತಂತಿ ಇರಬೇಕಿತ್ತು. ಹೆಚ್ಚು ಕರೆಂಟು ಹರಿದರೆ ತಾನು ಕರಗಿ, ಉಳಿದದ್ದನ್ನೆಲ್ಲ ಕಾಪಾಡುವ ತಂತಿ. ಅದಿರಲಿಲ್ಲ. ಅದರ ಜಾಗದಲ್ಲಿ ಬೆಂಕಿಕಡ್ಡಿಯಷ್ಟು ದಪ್ಪದ ತಾಮ್ರದ ಸರಳಿತ್ತು. ಒಂದು ತುದಿಯ ಲೋಹದ ಟೋಪಿಯನ್ನು ಬಿಚ್ಚಿ, ಸರಳು ತೂರಿಸಿ, ಮತ್ತೆ ಬೆಸೆದು ಮುಚ್ಚಿದ್ದರು. ಅವಸರದಲ್ಲಿ ನೋಡಿದರೆ ಹೊಸ ಫ್ಯೂಸೇ.

"ಇದು ಅಜಾಗರೂಕತೆ ಅಲ್ಲ," ಎಂದಳು ಐಲಾ ಮೆಲ್ಲಗೆ.

"ಕಡಿಮೆ ಅಂದ್ರೂ ಒಂದು ಗಂಟೆ ಕೆಲಸ. ಈಗ ಆ ಶನಿವಾರ ನೆನೆಸಿಕೋ. ಪಾಚಿ ಸುತ್ತಿಕೊಂಡು ಮೋಟರು ನಿಲ್ಲುತ್ತೆ, ಕರೆಂಟು ನಿಲ್ಲಲ್ಲ. ಫ್ಯೂಸ್ ಹೋಗಲ್ಲ. ಒಂದೇ ನಿಮಿಷದಲ್ಲಿ ತಂತಿ ಕೆಂಪಗಾಗುತ್ತೆ. ಬ್ಯಾಟರಿ ಇರೋದು ಓಸ್ಮೋನ ಕಾಲ ಕೆಳಗೆ. ದೋಣಿಗೆ ಬಳಿದಿರೋದು ಟಾರು."

ಓಸ್ಮೋನಿಗೆ ಎದ್ದು ನೀರಿಗೆ ಹಾರುವುದಕ್ಕೂ ಆಗುತ್ತಿರಲಿಲ್ಲ. 

"ತಾಪಿಯೋ?"

"ಬೆಸುಗೆ ನೋಡೇ."

ಐಲಾ ಮತ್ತೆ ಮಸೂರ ಹಿಡಿದಳು. ಟೋಪಿಯ ಅಂಚಿನ ಬೆಸುಗೆ ಗಂಟುಗಂಟಾಗಿತ್ತು, ಕಂದು ರಾಳ ಒರೆಸದೆ ಹಾಗೇ ಉಳಿದಿತ್ತು. ಸೂರಿನ ಮಳೆನೀರು ಹರಿಸುವ ತಗಡು ಬೆಸೆಯಲು ಇಟ್ಟುಕೊಳ್ಳುವಂಥ ದಪ್ಪ ಕಡ್ಡಿಯ ಕೆಲಸ. ಕೂಟದ ಯಾರೂ ಹೀಗೆ ಬೆಸೆಯಲಾರರು. ಯಾರ ಕೈಯೆಂದು ಅವಳಿಗೂ ತಿಳಿಯಲಿಲ್ಲ. ಕಾರ್ಖಾನೆಯ ಕೈ ಅಲ್ಲ ಎಂಬುದಷ್ಟೇ ಖಾತ್ರಿಯಾಯಿತು.

"ಇದು ನಿನಗೆ ಹೇಗೆ ಗೊತ್ತಾಯ್ತು? ಆ ಪೆಟ್ಟಿಗೆ ತೆರೆಯೋಕೆ ನಿನಗೆ ಕೀಲಿ ಕೊಟ್ಟೋರು ಯಾರು?"

"ಇನ್ನೊಂದು ಕೀಲಿ ಇದೆ. ಯಾರಿಗೂ ಗೊತ್ತಿಲ್ಲದ್ದು. ಅದನ್ನ ಕೊಟ್ಟೋನು ಆ ಪೆಟ್ಟಿಗೆಯ ಯಜಮಾನ."

ಐಲಾ ಮಸೂರ 'ಟಕ್' ಎಂದು ಕೆಳಗಿಟ್ಟಳು. "ಓಸ್ಮೋ?"

"ಬಿರುಗಾಳಿಗೆ ಹನ್ನೆರಡು ದಿನ ಮುಂಚೆ ಇಲ್ಲಿಗೆ ಬಂದಿದ್ದ. ಹಿಲ್ಕಾಳ ರಾಟೆಗೆ ಮೋಟರ್ ಹಾಕಿಸಬೇಕು ಅಂತ ನೆಪ. ಗಾಲಿಕುರ್ಚಿ ಇಲ್ಲೇ, ನಿನ್ನ ಪಕ್ಕದಲ್ಲೇ ಇತ್ತು. ಭಾನುವಾರ ಬೆಳಗ್ಗೆ ಕಿಟಕಿ ಹತ್ತಿರ ಕೂತಿದ್ದಾಗ ಯಾರೋ ಪೆಟ್ಟಿಗೆ ತೆಗೆದು ಮುಚ್ಚಿದ್ದನ್ನ ನೋಡಿದೆ ಅಂದ. ಏನು ಮಾಡಿದ್ದಾರೆ ಅಂತ ನೋಡಿ ಸರಿಮಾಡು ಅಂದ. ಮನೇಲಿ ಯಾರೂ ಇಲ್ಲದ ಗುರುವಾರ ನಾನು ಹೋದೆ, ನೋಡಿದೆ. ಮತ್ತೆ ಯಾರಾದ್ರೂ ಫ್ಯೂಸ್ ಮುಟ್ಟಿದ್ರೂ ಮೋಸ ಆಗಬಾರದು ಅಂತ ಬೋರ್ಡನ್ನೂ ತೆಗೆದು, ಮಾಡಿಕೊಂಡು ಹೋಗಿದ್ದ ನನ್ನದನ್ನೇ ಹಾಕಿ ಬಂದೆ."

"ಹಾಗಾದ್ರೆ ಬೋರ್ಡು ಯಾರದು ಅಂತ ಅವನಿಗೆ ಮೊದಲಿಂದ ಗೊತ್ತಿತ್ತು. ಮತ್ತೆ ನನ್ನನ್ನ ಯಾಕೆ..."

"ಯಾಕೆ ಅಂತ ನೀನೇ ಯೋಚನೆ ಮಾಡು. ಪೊಲೀಸರ ಹತ್ರ ಹೋದ್ರೆ ಅವನ ಬಾಯಿಂದಲೇ ಹೆಸರು ಬರಬೇಕು. ಅವನಿಗೆ ಅದು ಆಗಲ್ಲ. ಥ್ಯಾಂಕ್ಸ್ ಹೇಳೋಕೆ ಆಳು ಹುಡುಕ್ತಿದ್ದಾನೆ ಅಂದ್ರೆ ಮನೇಲಿ ಯಾರೂ ಹೆದರಲ್ಲ. 'ಏನಾದ್ರೂ ಆದ್ರೆ ಐಲಾನ ಕರೀತೀನಿ, ಅವಳು ಬೆಸುಗೆ ಓದ್ತಾಳೆ' ಅಂತ ಆವತ್ತೇ ಇಲ್ಲಿ ಹೇಳಿದ್ದ. ನಿನ್ನ ಹೆಸರು ಕೇಳಿ ಮೈಯೆಲ್ಲ ಉರೀತು ನನಗೆ. ಆದ್ರೂ ಬೋರ್ಡು ಮುಗಿಸುವಾಗ ಬೆಸುಗೆಯ ಬಾಲಗಳನ್ನ ಕತ್ತರಿಸದೆ ಬಿಟ್ಟೆ. ನಿನಗೆ ದಾರಿ ಸಿಗಲಿ ಅಂತ."

ಐಲಾ ಮೇಜಿನ ಅಂಚು ಹಿಡಿದುಕೊಂಡಳು. ತನ್ನ ಮೇಲೆ ಇಷ್ಟು ನಂಬಿಕೆ ಇಟ್ಟವರು ಇಬ್ಬರು. ಒಬ್ಬನಿಗೆ ಕೈ ಎತ್ತಲು ಶಕ್ತಿಯಿಲ್ಲ. ಇನ್ನೊಬ್ಬಳಿಗೆ ಐಲಾಳನ್ನು ನಂಬಲು ಕಾರಣವಿರಲಿಲ್ಲ.

"ಭಾನುವಾರ ನೋಡಿದ್ದು ಯಾರನ್ನ ಅಂತ ನೀನು ಕೇಳಲಿಲ್ವಾ?"

"ಕೇಳದೆ ಇರ್ತೀನಾ? ಹೊರಗೆ ನಿಂತಿದ್ದ ಕಾರಿನ ಕಡೆ ನೋಡಿದ. ಆಮೇಲೆ, 'ದಿನಾ ನನಗೆ ಉಣಿಸೋ ಕೈ ಅದು ಸಿನಿಕ್ಕಾ' ಅಂದ."

ಬೆಳಗಿನ ಗಂಜಿ ಉಣಿಸುವವಳು ಹಿಲ್ಕಾ. ಸಂಜೆಯ ಸೂಪು ಕುಡಿಸುವವನು ಯೊರ್ಮಾ. ಮೂರು ವಾರದಿಂದ ಐಲಾ ಆ ಅಡುಗೆಮನೆಗೆ ಹೋಗಿಬರುತ್ತಿದ್ದಳು. ಇಬ್ಬರೂ ಅವಳಿಗೆ ಒಲೆಯಿಂದ ಆಗಷ್ಟೇ ತೆಗೆದ ದಾಲ್ಚಿನ್ನಿ ಬನ್ನು ಕೊಟ್ಟಿದ್ದರು.

"ಯಾವ ಕೈ? ಬೆಳಗಿಂದೋ, ಸಂಜೇದೋ?"

"ಅದನ್ನೇ ಕೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಬಾಗಿಲ ಗಂಟೆ ಆಯ್ತು. ಕಾರಲ್ಲಿ ಕಾಯ್ತಾ ಕೂತಿದ್ದೋರು ಸೆಕೆ ತಡೆಯೋಕಾಗದೆ ಒಳಗೆ ಬಂದ್ರು. ಹಿಲ್ಕಾ, ಯೊರ್ಮಾ, ಇಬ್ಬರೂ." ಸಿನಿಕ್ಕಾ ಬಾಗಿಲ ಕಡೆ ನೋಡಿದಳು. "ಒಬ್ಬರು ಅವನ ಕಾಲರ್ ಸರಿ ಮಾಡಿದ್ರು. ಇನ್ನೊಬ್ಬರು ಅವನ ಬಾಯಿ ಒರೆಸಿದ್ರು. ಎಷ್ಟು ಮೃದುವಾಗಿ ಅಂತೀಯ."

"ಓಸ್ಮೋ ಏನಂದ?"

"ಇಬ್ಬರ ಮುಖಾನೂ ನೋಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಥ್ಯಾಂಕ್ಸ್ ಅಂದ."